ಮಾಲ್ಮೋಗೆ ಇಳಿದು ಬಂದ ಧ್ರುವ

2003ನೇ ಇಸವಿ, ಅಕ್ಟೋಬರ್ 30, ಗುರುವಾರ. ರಾತ್ರಿ ಒಂಬತ್ತು ದಾಟಿ ಏಳು ನಿಮಿಷ. ಸ್ವೀಡನ್ ದೇಶದ ದಕ್ಷಿಣ ತುದಿಯಲ್ಲಿರುವ, ನಾನು ನೆಲೆಸಿರುವ ಮಾಲ್ಮೋ ನಗರದಲ್ಲಿ ಕರೆಂಟು ಹೋಯಿತು. ಸುಮಾರು 50,000 ಗ್ರಾಹಕರ ದೀಪ ಆರಿತು. ಕೆಲವು ಕಡೆ ಇಪ್ಪತ್ತು ನಿಮಿಷಕ್ಕೆ ಮರಳಿ ಬಂತು. ಕೆಲವು ಕಡೆ ಐವತ್ತು ನಿಮಿಷ ಹಿಡಿಯಿತು.

ಅದಕ್ಕೆ ಒಂದು ತಿಂಗಳ ಹಿಂದೆ, ಸೆಪ್ಟೆಂಬರ್ 23ರಂದು, ಇಲ್ಲಿ ಇನ್ನೂ ದೊಡ್ಡದಾಗಿ ಕರೆಂಟು ಹೋಗಿತ್ತು. ದಕ್ಷಿಣ ಸ್ವೀಡನ್ ಮಾತ್ರವಲ್ಲ, ಜಲಸಂಧಿಯ ಆಚೆ ದಡದ ಕೋಪನ್‌ಹೇಗನ್ ಕೂಡ ನಿಂತುಹೋಗಿತ್ತು. ಸುಮಾರು 40 ಲಕ್ಷ ಜನರಿಗೆ ಅದರ ಬಿಸಿ ತಟ್ಟಿತು. ಅದಕ್ಕೆ ಕಾರಣ ನೆಲದ ಮೇಲೆಯೇ ಸಿಕ್ಕಿತು. ಒಂದು ಅಣುವಿದ್ಯುತ್ ಘಟಕ ನಿಂತಿತು. ಕೆಲವೇ ನಿಮಿಷಗಳಲ್ಲಿ ಇನ್ನೊಂದೆಡೆ ಸಬ್‌ಸ್ಟೇಷನ್ನಿನ ಉಪಕರಣ ಮುರಿಯಿತು. ಎರಡೂ ಒಟ್ಟಿಗೆ ಬಂದು ಜಾಲ ಕುಸಿಯಿತು.

ಅಕ್ಟೋಬರ್ 30ರದು ಹಾಗಲ್ಲ. ಅಂದು ಕರೆಂಟು ತೆಗೆದದ್ದು 15 ಕೋಟಿ ಕಿಲೋಮೀಟರ್ ದೂರದ ಸೂರ್ಯ. ಅಲ್ಲಿಂದ ಹೊರಟ ಹೊಡೆತ ನೇರವಾಗಿ ಮಾಲ್ಮೋಗೆ ಬರಲಿಲ್ಲ. ಧ್ರುವದ ಆಕಾಶವನ್ನು ಹಾದು ಬಂತು. ಧ್ರುವಪ್ರದೇಶ ಎಂದರೆ ನಮ್ಮ ಮನಸ್ಸಿಗೆ ಬರುವುದು ಹಿಮ, ಹಿಮಕರಡಿ, ಪೆಂಗ್ವಿನ್. ಇಂದು ನಾನು ಹೇಳಹೊರಟಿರುವುದು ಆ ಹಿಮದಿಂದ ನೂರು ಕಿಲೋಮೀಟರ್ ಮೇಲಿರುವ ಇನ್ನೊಂದು ಧ್ರುವಪ್ರದೇಶದ ವಿಷಯ. ಭೂಪಟದಲ್ಲಿ ಅದಕ್ಕೆ ಗೆರೆ ಎಳೆಯಲು ಆಗುವುದಿಲ್ಲ. ಏಕೆಂದರೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಒಮ್ಮೊಮ್ಮೆ ದಕ್ಷಿಣಕ್ಕೆ ಇಳಿದು ಬಂದುಬಿಡುತ್ತದೆ.

ಚಳಿಗಾಲ ಬಂತೆಂದರೆ ಊರಿನಿಂದ ಫೋನ್ ಮಾಡುವ ಬಂಧುಗಳು ನನ್ನನ್ನು ತಪ್ಪದೆ ಕೇಳುವ ಮಾತೊಂದಿದೆ. "ಅಲ್ಲಿ ರಾತ್ರಿ ಹೊತ್ತು ಆಕಾಶದಲ್ಲಿ ಹಸಿರು ಬೆಳಕು ಕುಣಿಯುತ್ತಂತಲ್ಲ, ನೋಡಿದೆಯಾ?" ಮಾಲ್ಮೋದಲ್ಲಿ ಅದು ಕಾಣುವುದು ಅಪರೂಪ. ಅದಕ್ಕೆ ಇಲ್ಲಿಂದ ಸುಮಾರು 1400 ಕಿಲೋಮೀಟರ್ ಉತ್ತರಕ್ಕೆ, ಕಿರುನಾ ಎಂಬ ಗಣಿಯೂರಿಗೆ ಹೋಗಬೇಕು. ಆ ಬೆಳಕಿಗೆ ಕನ್ನಡದಲ್ಲಿ ಧ್ರುವಪ್ರಭೆ ಎನ್ನುತ್ತೇವೆ. ನೋಡದವರಿಗಾಗಿ ಎರಡು ಮಾತು. ಮೊದಲು ಉತ್ತರ ದಿಕ್ಕಿನಲ್ಲಿ ಒಂದು ಮಸುಕು ಪಟ್ಟೆ ಕಾಣುತ್ತದೆ. ಮೋಡವೋ ಏನೋ ಅನ್ನಿಸುತ್ತದೆ. ಆಮೇಲೆ ಅದು ಹಸಿರಾಗುತ್ತದೆ. ಮಡಿಕೆ ಬೀಳುತ್ತದೆ, ಬಿಚ್ಚಿಕೊಳ್ಳುತ್ತದೆ, ನೆತ್ತಿಯವರೆಗೆ ಏರುತ್ತದೆ. ಅದರ ಹಿಂದಿನ ನಕ್ಷತ್ರಗಳು ಕಾಣುತ್ತಲೇ ಇರುತ್ತವೆ. ಹಸಿರು ಬಣ್ಣ ಕೊಡುವುದು ನೂರು, ನೂರೈವತ್ತು ಕಿಲೋಮೀಟರ್ ಎತ್ತರದ ಆಮ್ಲಜನಕ. ಅದೇ ಆಮ್ಲಜನಕ ಇನ್ನೂರು ಕಿಲೋಮೀಟರ್ ಮೇಲೆ ಕೆಂಪು ಬೆಳಕು ಕೊಡುತ್ತದೆ.

ಇದು ಧ್ರುವದ ಕಡೆಗೇ ಏಕೆ? ಶಾಲೆಯಲ್ಲಿ ಕಾಗದದ ಕೆಳಗೆ ಅಯಸ್ಕಾಂತ ಇಟ್ಟು, ಮೇಲೆ ಕಬ್ಬಿಣದ ಪುಡಿ ಉದುರಿಸಿದ್ದು ನೆನಪಿರಬಹುದು. ಪುಡಿ ಕಮಾನು ಕಮಾನಾಗಿ ನಿಲ್ಲುತ್ತದೆ. ಕಮಾನುಗಳೆಲ್ಲ ಅಯಸ್ಕಾಂತದ ಎರಡು ತುದಿಗಳಲ್ಲಿ ಒಳಗಿಳಿಯುತ್ತವೆ. ಭೂಮಿಯೂ ಒಂದು ಅಯಸ್ಕಾಂತವೇ. ಸೂರ್ಯನಿಂದ ವಿದ್ಯುದಾವೇಶದ ಕಣಗಳು ಹಗಲಿರುಳು ಬೀಸಿ ಬರುತ್ತಿರುತ್ತವೆ. ಇದೇ ಸೌರಮಾರುತ. ಕರ್ನಾಟಕದ ತಲೆಯ ಮೇಲೆ ಭೂಮಿಯ ಕಾಂತರೇಖೆಗಳು ಅಡ್ಡವಾಗಿ ಮಲಗಿವೆ. ಅವು ಕಣಗಳನ್ನು ತಡೆಯುತ್ತವೆ. ಧ್ರುವಗಳ ಹತ್ತಿರ ಅದೇ ರೇಖೆಗಳು ನೆಟ್ಟಗೆ ಕೆಳಕ್ಕಿಳಿಯುತ್ತವೆ. ಆ ರೇಖೆಗಳ ಗುಂಟ ಕಣಗಳು ವಾತಾವರಣಕ್ಕೆ ಇಳಿಯುತ್ತವೆ.

ಅವು ಇಳಿಯುವುದು ಸರಿಯಾಗಿ ಧ್ರುವದ ಬಿಂದುವಿನಲ್ಲಲ್ಲ. ಅದರ ಸುತ್ತ ಒಂದು ಉಂಗುರದಲ್ಲಿ. ಕೊಡ ಹೊರುವ ಹೆಂಗಸರು ತಲೆಯ ಮೇಲೆ ಸಿಂಬೆ ಇಟ್ಟುಕೊಳ್ಳುತ್ತಾರಲ್ಲ, ಹಾಗೆ ಭೂಮಿಯ ತಲೆಯ ಮೇಲೆ ಈ ಉಂಗುರ ಕೂತಿದೆ. ದಕ್ಷಿಣ ಧ್ರುವದ ಕಡೆಗೂ ಇಂಥದೇ ಒಂದಿದೆ. ಸಾಮಾನ್ಯ ದಿನಗಳಲ್ಲಿ ಉತ್ತರದ ಸಿಂಬೆ ಕಿರುನಾದ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಸೂರ್ಯನಿಂದ ಜೋರು ಹೊಡೆತ ಬಿದ್ದಾಗ ಅದು ಸಡಿಲಗೊಂಡು ಅಗಲವಾಗುತ್ತದೆ, ಕೆಳಕ್ಕೆ ಜಾರುತ್ತದೆ.

ಸಿಂಬೆಯ ಮಾತು ಬೆಳಕಿನಲ್ಲೇ ಮುಗಿಯುವುದಿಲ್ಲ. ಅದರ ಗುಂಟ ನೂರು ಕಿಲೋಮೀಟರ್ ಎತ್ತರದಲ್ಲಿ ವಿದ್ಯುತ್ತೂ ಹರಿಯುತ್ತದೆ. ನಮ್ಮ ಮನೆಯ ಗೀಸರಿನ ದೊಡ್ಡ ಪ್ಲಗ್ಗು 15 ಆಂಪಿಯರಿನದು. ಜೋರು ದಿನಗಳಲ್ಲಿ ಧ್ರುವದ ಆಕಾಶದಲ್ಲಿ ಹರಿಯುವ ವಿದ್ಯುತ್ತು ಹತ್ತು ಲಕ್ಷ ಆಂಪಿಯರು ಮೀರುತ್ತದೆ.

ಈಗ ಮಾಲ್ಮೋದ ರಾತ್ರಿಗೆ ಬರೋಣ. ಅಕ್ಟೋಬರ್ ಕೊನೆಯ ವಾರ ಸೂರ್ಯನ ಮುಖದ ಮೇಲೆ ದೊಡ್ಡ ದೊಡ್ಡ ಕಲೆಗಳಿದ್ದವು. 28ರಂದು ಒಂದು ಮಹಾಸ್ಫೋಟವಾಯಿತು. 29ರ ರಾತ್ರಿ, ಇಲ್ಲಿನ ಹೊತ್ತು ಹತ್ತರ ಸುಮಾರಿಗೆ, ಇನ್ನೊಂದು. ಅದರಿಂದ ಸಿಡಿದ ಕಣಗಳ ಮೋಡ ಸಾಮಾನ್ಯವಾಗಿ ಎರಡು ಮೂರು ದಿನ ತೆಗೆದುಕೊಳ್ಳುವ ದಾರಿಯನ್ನು ಒಂದು ದಿನವೂ ತುಂಬುವ ಮೊದಲೇ ಕ್ರಮಿಸಿತು. ಸೆಕೆಂಡಿಗೆ 2000 ಕಿಲೋಮೀಟರಿಗೂ ಹೆಚ್ಚಿನ ವೇಗ ಅದು. 30ರ ಸಂಜೆ ಭೂಮಿಯನ್ನು ಮುಟ್ಟಿತು. ಸಿಂಬೆ ಜಾರಿತು. ರಾತ್ರಿ ಒಂಬತ್ತರ ಹೊತ್ತಿಗೆ ಧ್ರುವದ ವಿದ್ಯುತ್ತು ಸ್ವೀಡನ್ನಿನ ದಕ್ಷಿಣ ಭಾಗದ ಮೇಲೆ ಹರಿಯುತ್ತಿತ್ತು. ಹರಿವು ಏರಿಳಿಯಿತು. ಅದರೊಂದಿಗೆ ನೆಲದ ಕಾಂತಕ್ಷೇತ್ರವೂ ತುಯ್ದಾಡಿತು.

ಕಾಂತಕ್ಷೇತ್ರ ತುಯ್ದಾಡಿದರೆ ಉದ್ದನೆಯ ತಂತಿಯಲ್ಲಿ ಕರೆಂಟು ಹುಟ್ಟುತ್ತದೆ. ಇದು ಫ್ಯಾರಡೆ ಕಂಡುಹಿಡಿದ ನಿಯಮ. ನಮ್ಮ ಜೋಗದ ಜನರೇಟರು ತಿರುಗುವುದೂ ಅದೇ ನಿಯಮದ ಮೇಲೆ. ಸ್ವೀಡನ್ನಿನ ಬಹುಪಾಲು ನೆಲ ಹಳೆಯ ಗಟ್ಟಿ ಬಂಡೆ. ಅದರಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು. ಹರಿಯಲು ಸುಲಭದ ದಾರಿ ಸಿಗುವುದು ನೂರಾರು ಕಿಲೋಮೀಟರ್ ಉದ್ದದ ಹೈಟೆನ್ಷನ್ ಲೈನುಗಳಲ್ಲಿ. ಟ್ರಾನ್ಸ್‌ಫಾರ್ಮರುಗಳನ್ನು ಭೂಮಿಗೆ ಜೋಡಿಸಿರುವ ಅರ್ಥಿಂಗ್ ತಂತಿಯ ಮೂಲಕ ಈ ಹೊಸ ಕರೆಂಟು ಲೈನಿಗೆ ನುಗ್ಗುತ್ತದೆ.

ಅಂದು ತಪ್ಪಿದ್ದು ಎಲ್ಲಿ? ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಮ್ಮ ಮನೆಗಳಿಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ಸೂರ್ಯನ ದೆಸೆಯಿಂದ ಬಂದ ಕರೆಂಟು ಹಾಗೆ ತೂಗುವುದಿಲ್ಲ. ಬ್ಯಾಟರಿಯ ಕರೆಂಟಿನಂತೆ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಹರಿಯುತ್ತದೆ. ಎರಡೂ ಒಟ್ಟಿಗೆ ಬಂದಾಗ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳಿಗೆ ತಾಳಲಾಗುವುದಿಲ್ಲ. ಅದು ಅಲೆಯ ಆಕಾರವನ್ನೇ ಕೆಡಿಸುತ್ತದೆ. 50ರ ಜೊತೆಗೆ 150 ಸಲ ತೂಗುವ ಅಲೆಯೂ ಬೆರೆಯುತ್ತದೆ. ಮಾಲ್ಮೋಗೆ ಕರೆಂಟು ತರುತ್ತಿದ್ದ 1,30,000 ವೋಲ್ಟಿನ ಲೈನಿಗೆ ಒಂದು ರಿಲೇ ಕಾವಲಿತ್ತು. ಲೈನಿನಲ್ಲಿ ಮಿತಿ ಮೀರಿದ ಕರೆಂಟು ಹರಿದರೆ ಸಂಪರ್ಕ ಕಡಿಯುವುದು ಅದರ ಕೆಲಸ. ಆ ರಿಲೇ 50ರ ಅಲೆಗಿಂತ 150ರ ಅಲೆಗೆ ಹೆಚ್ಚು ಸೂಕ್ಷ್ಮವಾಗಿತ್ತು. ಎಲ್ಲೋ ಶಾರ್ಟ್ ಆಗಿದೆ ಎಂದೇ ಅದು ಭಾವಿಸಿತು. ಲೈನು ಟ್ರಿಪ್ ಆಯಿತು. ನಗರಕ್ಕೆ ಕತ್ತಲೆ ಕವಿಯಿತು.

ಇಲ್ಲಿಯವರೆಗೆ ಹೇಳಿದ್ದನ್ನು ಒಟ್ಟುಮಾಡುತ್ತೇನೆ. ಸೂರ್ಯನ ಕಣಗಳು ಧ್ರುವದ ಸುತ್ತಲ ಉಂಗುರದಲ್ಲಿ ಇಳಿಯುತ್ತವೆ. ಅಲ್ಲಿ ಬೆಳಕೂ ಹುಟ್ಟುತ್ತದೆ, ವಿದ್ಯುತ್ತೂ ಹರಿಯುತ್ತದೆ. ಹೊಡೆತ ಜೋರಾದರೆ ಉಂಗುರ ದಕ್ಷಿಣಕ್ಕೆ ಜಾರುತ್ತದೆ. ಆಗ ಮಾಲ್ಮೋದಂಥ ಊರೂ ಧ್ರುವಪ್ರದೇಶವಾಗುತ್ತದೆ. ಇನ್ನು, ಇದನ್ನೆಲ್ಲ ಮನುಷ್ಯರು ಕಂಡುಕೊಂಡದ್ದು ಹೇಗೆ ಎಂಬ ಕಥೆ. ನನಗೆ ತುಂಬ ಇಷ್ಟವಾದ ಕಥೆ ಇದು.

1741ನೇ ಇಸವಿ. ಊರು ಸ್ವೀಡನ್ನಿನ ಉಪ್ಸಾಲಾ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಆಂಡರ್ಸ್ ಸೆಲ್ಸಿಯಸ್ ಖಗೋಳ ವಿಜ್ಞಾನದ ಪ್ರಾಧ್ಯಾಪಕ. ಹವೆಯ ತಾಪ ಹೇಳುವಾಗ ನಾವು ದಿನವೂ ಹೆಸರು ಹೇಳುವ ಸೆಲ್ಸಿಯಸ್ ಇವರೇ. ಅವರ ಭಾವಮೈದುನ ಓಲೋಫ್ ಹಿಯೋರ್ಟರ್. ಲಂಡನ್ನಿನ ಗಡಿಯಾರ ತಯಾರಕ ಜಾರ್ಜ್ ಗ್ರಹಾಂ ಮಾಡಿಕೊಟ್ಟ ಒಂದು ಉದ್ದನೆಯ ದಿಕ್ಸೂಚಿಯ ಸೂಜಿ ಅವರ ಬಳಿ ಇತ್ತು. ಹಿಯೋರ್ಟರ್ ಅದರ ಮುಂದೆ ಕೂತರು. ಗಂಟೆಗೊಮ್ಮೆ ಸೂಜಿ ಎಲ್ಲಿ ನಿಂತಿದೆ ಎಂದು ಬರೆದಿಟ್ಟರು. ಹಗಲು ಬರೆದರು, ರಾತ್ರಿ ಬರೆದರು. ಒಟ್ಟು ಸುಮಾರು 6600 ಸಲ.

ಆ ವರ್ಷದ ಮಾರ್ಚಿನಲ್ಲಿ ಒಂದು ರಾತ್ರಿ ಆಕಾಶದಲ್ಲಿ ಧ್ರುವಪ್ರಭೆ ಕಾಣಿಸಿತು. ಅದೇ ಹೊತ್ತಿಗೆ ಒಳಗೆ ಸೂಜಿ ಅಲುಗಾಡಿತು. ಹಿಯೋರ್ಟರ್ ಅದನ್ನು ಸೆಲ್ಸಿಯಸ್‌ಗೆ ಹೇಳಿದರು. ಸೆಲ್ಸಿಯಸ್ ಕೊಟ್ಟ ಉತ್ತರ ಹಿಯೋರ್ಟರರ ಬರಹದಲ್ಲೇ ಉಳಿದಿದೆ. ತಾನೂ ಇಂಥದನ್ನು ಗಮನಿಸಿದ್ದೆ. ಆದರೆ ನಿನಗೂ ಅದೇ ಹೊಳೆಯುತ್ತದೋ ನೋಡೋಣ ಎಂದು ಬಾಯಿ ಬಿಟ್ಟಿರಲಿಲ್ಲ ಎಂಬುದು ಅದರ ಸಾರಾಂಶ. ಎಂಥ ಗುರು ನೋಡಿ! ತನ್ನ ಊಹೆಯನ್ನು ಇನ್ನೊಬ್ಬರ ಕಿವಿಗೆ ಹಾಕಿದರೆ ಅವರ ಕಣ್ಣು ಅದನ್ನೇ ಹುಡುಕುತ್ತದೆ ಎಂದು ಬಲ್ಲವರು. ಮುಂದೆ ಏಪ್ರಿಲಿನಲ್ಲಿ ಒಂದೇ ದಿನ ಉಪ್ಸಾಲಾದ ಸೂಜಿಯೂ ಲಂಡನ್ನಿನ ಗ್ರಹಾಮರ ಸೂಜಿಯೂ ಕದಲಿದ್ದು ಪತ್ರಗಳ ಮೂಲಕ ತಿಳಿಯಿತು. ಆಕಾಶದ ಆ ಬೆಳಕಿಗೂ ಭೂಮಿಯ ಕಾಂತಶಕ್ತಿಗೂ ನಂಟಿದೆ ಎಂಬುದು ಹೀಗೆ ಗೊತ್ತಾಯಿತು. ಅದಕ್ಕೆ ಬೇಕಾದದ್ದು ಒಂದು ಸೂಜಿ, ಒಂದು ಗಡಿಯಾರ, ರಾತ್ರಿ ಎದ್ದಿರುವ ಒಬ್ಬ ಮನುಷ್ಯ.

ನಂಟು ಯಾವ ಬಗೆಯದು ಎಂದು ತಿಳಿಯಲು ಇನ್ನೂ ಇನ್ನೂರು ವರ್ಷ ಬೇಕಾಯಿತು. ನಾರ್ವೆಯ ಕ್ರಿಸ್ತಿಯನ್ ಬಿರ್ಕೆಲಾಂಡ್ 20ನೇ ಶತಮಾನದ ಮೊದಲಲ್ಲಿ ಧ್ರುವದ ಕಡೆಯ ಬೆಟ್ಟಗಳಲ್ಲಿ ಚಳಿಗಾಲ ಕಳೆದು ಅಳತೆ ಮಾಡಿದರು. ಬಾಹ್ಯಾಕಾಶದಿಂದ ಕಾಂತರೇಖೆಗಳ ಗುಂಟ ವಿದ್ಯುತ್ತು ಇಳಿದು ಬರುತ್ತದೆ ಎಂದರು. ಬಹಳ ಮಂದಿ ದೊಡ್ಡ ವಿಜ್ಞಾನಿಗಳು ಒಪ್ಪಲಿಲ್ಲ. ಸ್ವೀಡನ್ನಿನ ಹಾನ್ನೆಸ್ ಆಲ್ವೆನ್ ಆ ವಿಚಾರದ ಪರವಾಗಿ ದಶಕಗಟ್ಟಲೆ ವಾದಿಸಿದರು. 1960ರ ದಶಕದ ಕೊನೆಗೆ ಉಪಗ್ರಹಗಳು ಆ ವಿದ್ಯುತ್ತನ್ನು ನೇರವಾಗಿ ಕಂಡವು. ಆಲ್ವೆನ್ ಅವರಿಗೆ 1970ರಲ್ಲಿ ನೊಬೆಲ್ ಬಂತು.

ಅಷ್ಟರಲ್ಲಿ ಕಿರುನಾದಲ್ಲಿ ಒಂದು ವೀಕ್ಷಣಾಲಯ ಎದ್ದಿತ್ತು. ವರ್ಷ 1957. ಇಂದು ಅದು ಸ್ವೀಡನ್ನಿನ ಬಾಹ್ಯಾಕಾಶ ಭೌತವಿಜ್ಞಾನ ಸಂಸ್ಥೆ. ಅದರ ಹತ್ತಿರವೇ ಎಸ್ರೇಂಜ್ ಎಂಬ ರಾಕೆಟ್ ನೆಲೆ. ಅಲ್ಲಿಂದ ಮೊದಲ ರಾಕೆಟ್ ಹಾರಿದ್ದು 1966ರಲ್ಲಿ. ಇಲ್ಲಿ ನಮ್ಮ ಕಡೆಯ ಒಂದು ಮಾತು ಹೇಳಲೇಬೇಕು. ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿದ್ದು 1963ರ ನವೆಂಬರಿನಲ್ಲಿ. ಮೀನುಗಾರರ ಆ ಹಳ್ಳಿಯನ್ನು ವಿಕ್ರಮ್ ಸಾರಾಭಾಯಿ ಅವರು ಆರಿಸಿದ್ದಕ್ಕೆ ಕಾರಣ, ಅದು ಭೂಮಿಯ ಕಾಂತೀಯ ಸಮಭಾಜಕದ ಹತ್ತಿರ ಇದೆ ಎಂಬುದು. ಅಲ್ಲಿನ ಆಕಾಶದಲ್ಲಿ ನೂರು ಕಿಲೋಮೀಟರ್ ಮೇಲೆ ಇನ್ನೊಂದು ವಿದ್ಯುತ್ ಹೊಳೆ ಹರಿಯುತ್ತದೆ. ತುಂಬಾ ಒಂದು ಹೊಳೆಯ ಕೆಳಗೆ, ಎಸ್ರೇಂಜ್ ಇನ್ನೊಂದರ ಕೆಳಗೆ. ಒಂದು ಕಡೆ ತೆಂಗಿನ ತೋಪು, ಇನ್ನೊಂದು ಕಡೆ ಹಿಮಸಾರಂಗ ಮೇಯಿಸುವ ಸಾಮಿ ಜನರ ಬಯಲು. ಮೂರು ವರ್ಷದ ಅಂತರದಲ್ಲಿ ಎರಡೂ ಕಡೆಯಿಂದ ರಾಕೆಟ್ಟುಗಳು ಹಾರಿದವು.

ಕೇಳುಗರೇ, ಈವರೆಗೆ ಸೂಜಿಯ ಕಥೆ ಕೇಳಿದಿರಿ. ಆದರೆ ಸೂಜಿಯ ಇಂಥ ದಾಖಲೆ ಹಿಂದಕ್ಕೆ ಹೋಗುವುದು ಕೆಲವೇ ಶತಮಾನ. ಸೂರ್ಯನ ಇಂಥ ಹೊಡೆತವನ್ನು ಸೌರ ಬಿರುಗಾಳಿ ಎನ್ನುತ್ತಾರೆ. 2003ರದು ದೊಡ್ಡ ಬಿರುಗಾಳಿಯೇ? ಇದಕ್ಕಿಂತ ದೊಡ್ಡದು ಬಂದಿದ್ದುಂಟೇ? ಇದಕ್ಕೆ ಉತ್ತರ ಕೊಡುವುದೂ ಧ್ರುವವೇ. ಆದರೆ ಈ ಸಲ ಆಕಾಶವಲ್ಲ, ಹಿಮ.

ಮಾಲ್ಮೋದಿಂದ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಲುಂಡ್ ಎಂಬ ಹಳೆಯ ವಿದ್ಯಾನಗರವಿದೆ. ಇಲ್ಲಿಂದ ರೈಲು ಹತ್ತಿದರೆ ಕಾಲು ಗಂಟೆಗೆ ಇಳಿಯಬಹುದು. ಅಲ್ಲಿನ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದಲ್ಲಿ ರೈಮುಂಡ್ ಮುಷ್ಲರ್ ಮತ್ತು ಅವರ ಸಂಗಡಿಗರು ಗ್ರೀನ್‌ಲ್ಯಾಂಡಿನ, ಅಂಟಾರ್ಕ್ಟಿಕಾದ ಹಿಮವನ್ನು ಓದುತ್ತಾರೆ. ಓದುತ್ತಾರೆ ಎಂದೇ ಹೇಳಬೇಕು. ಅಲ್ಲಿ ಬಿದ್ದ ಹಿಮ ಕರಗುವುದಿಲ್ಲ. ಈ ವರ್ಷದ್ದರ ಮೇಲೆ ಮುಂದಿನ ವರ್ಷದ್ದು ಪದರ ಪದರವಾಗಿ ಕೂರುತ್ತದೆ. ಕೊಳವೆಬಾವಿ ಕೊರೆಯುವ ಹಾಗೆಯೇ ಕೊರೆದು, ಉದ್ದನೆಯ ಹಿಮದ ಕಂಬ ಹೊರತೆಗೆಯುತ್ತಾರೆ. ಕೆಳಗೆ ಹೋದಷ್ಟೂ ಹಳೆಯ ಕಾಲ.

ಸೂರ್ಯನಿಂದ ಅತಿ ವೇಗದ ಪ್ರೋಟಾನುಗಳು ಬಂದು ಮೇಲಿನ ವಾತಾವರಣದ ಸಾರಜನಕ, ಆಮ್ಲಜನಕದ ಪರಮಾಣುಗಳನ್ನು ಒಡೆಯುತ್ತವೆ. ಆಗ ಬೆರಿಲಿಯಂ-10 ಎಂಬ ವಿರಳ ಪರಮಾಣು ಹುಟ್ಟುತ್ತದೆ. ಆರ್ಗಾನ್ ಒಡೆದರೆ ಕ್ಲೋರಿನ್-36. ಇವು ಒಂದೆರಡು ವರ್ಷದಲ್ಲಿ ಹಿಮದ ಜೊತೆ ಕೆಳಗಿಳಿದು ಪದರದಲ್ಲಿ ಸೇರಿಕೊಳ್ಳುತ್ತವೆ. ಯಾವ ಪದರದಲ್ಲಿ ಇವು ಇದ್ದಕ್ಕಿದ್ದಂತೆ ಹೆಚ್ಚಾಗಿವೆಯೋ ಆ ವರ್ಷದ ಆಸುಪಾಸಿನಲ್ಲಿ ಸೂರ್ಯ ಸಿಡಿದಿದ್ದಾನೆ ಎಂದು ಅರ್ಥ.

ಜಪಾನಿನ ಫುಸಾ ಮಿಯಾಕೆ 2012ರಲ್ಲಿ ಮರದ ಕಾಂಡದ ವಾರ್ಷಿಕ ಬಳೆಗಳಲ್ಲಿ ಇಂಥದೇ ಹಠಾತ್ ಹೆಚ್ಚಳದ, ಕ್ರಿಸ್ತಶಕ 774-75ರ ಒಂದು ಗುರುತು ಕಂಡರು. ಆಮೇಲೆ 993-94ರ ಇನ್ನೊಂದು ಸಿಕ್ಕಿತು. ಅವು ಸೂರ್ಯನದೇ ಕೆಲಸ ಎಂದು ಲುಂಡ್ ತಂಡ 2015ರಲ್ಲಿ ಹಿಮದಿಂದ ತೋರಿಸಿಕೊಟ್ಟಿತು. 774 ಅಂದರೆ ಎಲ್ಲೋರದ ಕೈಲಾಸ ದೇವಾಲಯ ಕಟ್ಟಿಸಿದ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಆಳ್ವಿಕೆಯ ಕೊನೆಯ ದಿನಗಳ ಆಸುಪಾಸು. 993 ಅಂದರೆ ರನ್ನ ತನ್ನ ಅಜಿತಪುರಾಣವನ್ನು ಮುಗಿಸಿದ ವರ್ಷ. 2019ರಲ್ಲಿ ಇದೇ ತಂಡ ಕ್ರಿಸ್ತಪೂರ್ವ 660ರ ಸುಮಾರಿನ ಮೂರನೆಯ ಬಿರುಗಾಳಿಯನ್ನೂ, 2022ರಲ್ಲಿ ಸುಮಾರು 9200 ವರ್ಷ ಹಿಂದಿನ ಇನ್ನೊಂದನ್ನೂ ಹಿಮದಲ್ಲಿ ಗುರುತಿಸಿತು. ಇವೆಲ್ಲ ಆಧುನಿಕ ಉಪಕರಣಗಳು ಅಳೆದ ಯಾವ ಸ್ಫೋಟಕ್ಕಿಂತಲೂ ಹಲವು ಪಟ್ಟು ದೊಡ್ಡವು. ರನ್ನನ ಕಾಲದ ಮುದುವೊಳಲಿನಲ್ಲಿ ದೀಪವೆಂದರೆ ಎಣ್ಣೆಯ ದೀಪ. ಸೂರ್ಯನ ಬಿರುಗಾಳಿಗೆ ಅದು ಆರುವುದಿಲ್ಲ. ಅಂಥದೊಂದು ಈಗ ಬಂದರೆ ಉಪಗ್ರಹಗಳ ಗತಿ ಏನು, ವಿಮಾನಗಳದೇನು ಎಂಬ ಪ್ರಶ್ನೆ ಈಗಿನದು. ಅದನ್ನು ಕೇಳುವ ಧೈರ್ಯ ಬಂದದ್ದು ಹಿಮದ ಈ ಪದರಗಳಿಂದ. ಆ ಹಿಮವನ್ನು ಕೊರೆದು ಕಾಪಿಡುವ ಕೆಲಸವನ್ನು ನಾನು ತಾಳೆಗರಿ ಉಳಿಸುವ ಕೆಲಸದಷ್ಟೇ ದೊಡ್ಡದೆಂದು ಎಣಿಸುತ್ತೇನೆ.

ಸರಿ. ಮೇಲಿನ ಧ್ರುವದಿಂದ ಸೂರ್ಯನ ಇಂದಿನ ಸುದ್ದಿ, ಕೆಳಗಿನ ಹಿಮದಿಂದ ಸಾವಿರಾರು ವರ್ಷದ ಸುದ್ದಿ. ಇಷ್ಟಾಯಿತು. ಇನ್ನು ಬೇರೆ ಗ್ರಹಗಳತ್ತ ಸ್ವಲ್ಪ ಹೋಗಿ ಬರೋಣ. ಧ್ರುವದಲ್ಲಿ ಕಲಿತ ಪಾಠ ಅಲ್ಲಿಯೂ ಬೇಕಾಗುತ್ತದೆ.

ಗುರು, ಶನಿ ಗ್ರಹಗಳಿಗೂ ಭಾರಿ ಕಾಂತಕ್ಷೇತ್ರವಿದೆ. ಅವುಗಳ ಧ್ರುವಗಳ ಸುತ್ತಲೂ ಪ್ರಭೆಯ ಉಂಗುರಗಳಿವೆ. ಮಂಗಳದಲ್ಲಿ ಹಾಗಿಲ್ಲ. ಇಡೀ ಗ್ರಹವನ್ನು ಕಾಯುವ ಕಾಂತಕ್ಷೇತ್ರ ಅದಕ್ಕೆ ಒಂದು ಕಾಲದಲ್ಲಿ ಇತ್ತು, ಈಗ ಇಲ್ಲ. ಆದ್ದರಿಂದ ಅಲ್ಲಿ ಪ್ರಭೆ ಧ್ರುವದ ಕಡೆಗಷ್ಟೇ ಉಳಿಯುವುದಿಲ್ಲ. ಗ್ರಹದ ಬಹುಭಾಗಕ್ಕೆ ಹರಡಿಕೊಳ್ಳಬಹುದು. ಸೌರಮಾರುತ ಅದರ ವಾತಾವರಣವನ್ನು ನೇರವಾಗಿ ಸವರಿಕೊಂಡು ಹೋಗುತ್ತದೆ. ಹೀಗೆ ಮಂಗಳದ ಗಾಳಿ ಸೋರುವುದನ್ನು ಮೊದಲು ಅಳೆದವುಗಳಲ್ಲಿ ಕಿರುನಾದ ಸಂಸ್ಥೆ ಮಾಡಿಕೊಟ್ಟ ಒಂದು ಉಪಕರಣವೂ ಸೇರಿದೆ. 1989ರಲ್ಲಿ ಮಂಗಳ ತಲುಪಿದ ಸೋವಿಯತ್ ಒಕ್ಕೂಟದ ಫೋಬೋಸ್-2 ನೌಕೆ ಅದನ್ನು ಹೊತ್ತೊಯ್ದಿತ್ತು. ಅಮೆರಿಕದ ಮೇವನ್ ನೌಕೆ ಮುಂದೆ 2015ರಲ್ಲಿ ಕೊಟ್ಟ ಲೆಕ್ಕ ಸೆಕೆಂಡಿಗೆ ಸುಮಾರು ನೂರು ಗ್ರಾಂ. ಸೌರ ಬಿರುಗಾಳಿ ಬಂದಾಗ ಅದು ಏರುತ್ತದೆ. ಮಾಲ್ಮೋದ ಕರೆಂಟು ತೆಗೆದ ಆ ವಾರವೇ, ಮಂಗಳವನ್ನು ಸುತ್ತುತ್ತಿದ್ದ ಒಡಿಸ್ಸಿ ನೌಕೆಯ ವಿಕಿರಣಮಾಪಕ ಕೆಲಸ ನಿಲ್ಲಿಸಿತು.

ಕಾಂತಕ್ಷೇತ್ರವಿದ್ದರೆ ಗಾಳಿ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ ಎಂದು ಬಹುಕಾಲ ಎಲ್ಲರೂ ಹೇಳುತ್ತಿದ್ದರು. ಆ ಮಾತು ಅಷ್ಟು ಸರಳವಲ್ಲ ಎಂದು ಈಗ ಗೊತ್ತಾಗಿದೆ. ಅದನ್ನು ತಿಳಿಸಿದ್ದೂ ನಮ್ಮ ಧ್ರುವಗಳೇ. ಭೂಮಿಯ ಧ್ರುವಗಳ ಮೇಲಿನಿಂದ ಆಮ್ಲಜನಕ ಸೆಕೆಂಡಿಗೆ ಕಿಲೋಗ್ರಾಂಗಳ ಲೆಕ್ಕದಲ್ಲಿ ಬಾಹ್ಯಾಕಾಶಕ್ಕೆ ಸೋರುತ್ತಿದೆ. ಯಾವ ರೇಖೆಗಳ ಗುಂಟ ಕಣಗಳು ಇಳಿಯುತ್ತವೋ ಅದೇ ದಾರಿಯಲ್ಲಿ ನಮ್ಮ ಗಾಳಿ ಮೇಲೇರುತ್ತದೆ. ಗಾಬರಿ ಬೇಡ. ನಮ್ಮ ವಾತಾವರಣದ ಒಟ್ಟು ತೂಕದ ಮುಂದೆ ಇದು ಬಹಳ ಅಲ್ಪ; ಕೋಟ್ಯಂತರ ವರ್ಷ ಸೋರಿದರೂ ಗಾಳಿ ಬತ್ತುವುದಿಲ್ಲ. ಆದರೆ ಒಂದು ಗ್ರಹ ಜೀವಕ್ಕೆ ಯೋಗ್ಯವಾಗಿ ಉಳಿಯುವುದು ಏತರಿಂದ ಎಂಬ ಪ್ರಶ್ನೆಯನ್ನು ಮತ್ತೆ ಮೊದಲಿನಿಂದ ಕೇಳಬೇಕಾಗಿದೆ. ವಿಜ್ಞಾನಿಗಳಲ್ಲಿ ಈ ಬಗ್ಗೆ ಇಂದೂ ಒಮ್ಮತವಿಲ್ಲ.

ಕಿರುನಾದ ಇದೇ ಸಂಸ್ಥೆ ನಮ್ಮ ಬೆಂಗಳೂರಿನ ಮೂಲಕ ಚಂದ್ರನಿಗೂ ಹೋಗಿದೆ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1 ನೌಕೆ ಸಿದ್ಧವಾದದ್ದು ಬೆಂಗಳೂರಿನಲ್ಲಿ. ಅದರ ಜೊತೆ ಮಾತಾಡುತ್ತಿದ್ದದ್ದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನ ದೊಡ್ಡ ಆಂಟೆನಾ. ಆ ನೌಕೆಯಲ್ಲಿ ಸಾರಾ ಎಂಬ ಉಪಕರಣವಿತ್ತು. ಕಿರುನಾದವರೂ ತಿರುವನಂತಪುರದ ಇಸ್ರೋ ಪ್ರಯೋಗಾಲಯದವರೂ ಕೂಡಿ ಮಾಡಿದ್ದು. ಸೌರಮಾರುತ ಚಂದ್ರನ ಮಣ್ಣಿಗೆ ಬಡಿದರೆ ಮಣ್ಣು ಅದನ್ನು ಪೂರ್ತಿ ಹೀರಿಕೊಳ್ಳುತ್ತದೆ ಎಂದು ಎಲ್ಲರೂ ನಂಬಿದ್ದರು. ಐದರಲ್ಲೊಂದು ಪಾಲಿನಷ್ಟು ಹೈಡ್ರೋಜನ್ ಪರಮಾಣುಗಳಾಗಿ ಪುಟಿದು ಬರುತ್ತದೆ ಎಂದು ಸಾರಾ ಕಂಡಿತು. ಧ್ರುವಪ್ರಭೆಯ ಕಣಗಳನ್ನು ಎಣಿಸಲು ಕಲಿತ ಕೈಗಳು ಮಾಡಿದ ಕೆಲಸ ಅದು.

ಈಗ ಕೊನೆಯ ಮಾತಿಗೆ ಬರುತ್ತೇನೆ. ಉಂಗುರ ಜಾರುತ್ತದೆ, ಊರಿನ ಕರೆಂಟು ಹೋಗುತ್ತದೆ, ಹಿಂದೆ ಇನ್ನೂ ದೊಡ್ಡವು ಬಂದಿವೆ. ಇಷ್ಟು ಗೊತ್ತು. ಹಾಗಾದರೆ ಕರ್ನಾಟಕದಲ್ಲಿ ಕೂತು ಕೇಳುತ್ತಿರುವ ನಿಮಗೆ ಇದರಿಂದ ಏನು?

ನಾವು ಸಮಭಾಜಕಕ್ಕೆ ಹತ್ತಿರ. ನಮಗೆ ಅಪಾಯ ಸ್ವೀಡನ್ನಿನಷ್ಟಿಲ್ಲ. ಆದರೆ ಇಲ್ಲವೇ ಇಲ್ಲ ಎನ್ನಲಾಗದು. 2003ರ ಅದೇ ಬಿರುಗಾಳಿಯ ನಂತರದ ತಿಂಗಳುಗಳಲ್ಲಿ ದಕ್ಷಿಣ ಆಫ್ರಿಕದ ಹಲವು ದೊಡ್ಡ ಟ್ರಾನ್ಸ್‌ಫಾರ್ಮರುಗಳು ಕೆಟ್ಟವು. ಅವುಗಳ ಎಣ್ಣೆಯಲ್ಲಿ ಕರಗಿದ್ದ ಅನಿಲಗಳನ್ನು ಪರೀಕ್ಷಿಸಿದಾಗ, ಹಾನಿ ಶುರುವಾದದ್ದು ಆ ಬಿರುಗಾಳಿಯ ದಿನಗಳಲ್ಲಿ ಎಂದು ತಿಳಿಯಿತು. ದಕ್ಷಿಣ ಆಫ್ರಿಕ ಧ್ರುವದಿಂದ ಬಹಳ ದೂರ. 2024ರ ಮೇ 10ರ ರಾತ್ರಿ ಇನ್ನೊಂದು ದೊಡ್ಡ ಬಿರುಗಾಳಿ ಬಂತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ ಒಂದು ವೀಕ್ಷಣಾಲಯ ನಡೆಸುತ್ತದೆ. ಅಲ್ಲಿನ ಕ್ಯಾಮೆರಾಗಳಲ್ಲಿ ಉತ್ತರದ ದಿಗಂತ ಕೆಂಪಾಗಿ ಕಂಡಿತು.

ಮುನ್ಸೂಚನೆ ಸಿಗುತ್ತದೆಯೇ? ಸಿಗುತ್ತದೆ. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ಮುಂದೆ ಕೆಲವು ನೌಕೆಗಳು ಕಾವಲು ನಿಂತಿವೆ. 2024ರ ಜನವರಿಯಿಂದ ನಮ್ಮ ಆದಿತ್ಯ-ಎಲ್1 ಕೂಡ ಅಲ್ಲಿದೆ. ಅದರ ಮುಖ್ಯ ಉಪಕರಣ ತಯಾರಾದದ್ದು ಹೊಸಕೋಟೆಯಲ್ಲಿ. ಆದರೆ 2003ರಂಥ ವೇಗದ ಮೋಡ ಅಲ್ಲಿಂದ ಭೂಮಿಗೆ ಬರಲು ಕಾಲು ಗಂಟೆಯೂ ಬೇಡ. ಅಷ್ಟರಲ್ಲಿ ವಿದ್ಯುತ್ ಎಂಜಿನಿಯರುಗಳು ಲೈನುಗಳ ಹೊರೆ ಇಳಿಸಬಹುದು. ಧ್ರುವದ ಮೇಲೆ ಹಾರುವ ವಿಮಾನಗಳನ್ನು ದಕ್ಷಿಣಕ್ಕೆ ತಿರುಗಿಸಬಹುದು. ಎಷ್ಟು ಜೋರಿನ ಹೊಡೆತಕ್ಕೆ ಎಷ್ಟು ಇಳಿಸಬೇಕು ಎಂದು ಮೊದಲೇ ಲೆಕ್ಕ ಹಾಕಿಟ್ಟಿದ್ದರೆ ಮಾತ್ರ ಇದು ಸಾಧ್ಯ.

ಆ ಲೆಕ್ಕಕ್ಕೆ ಜಗತ್ತಿನ ವಿಜ್ಞಾನಿಗಳು ಹಿಡಿದಿರುವ ಅಳತೆಗೋಲು 1859ರ ಸೆಪ್ಟೆಂಬರಿನ ಬಿರುಗಾಳಿ. ಆಗ ಟೆಲಿಗ್ರಾಫ್ ತಂತಿಗಳಿಂದ ಕಿಡಿ ಹಾರಿತ್ತು. ಆ ದಿನ ಸಮಭಾಜಕದ ಕಡೆಯಲ್ಲಿ ಕಾಂತಕ್ಷೇತ್ರ ಎಷ್ಟು ಕುಸಿಯಿತು ಎಂಬ ಅಂಕಿ ಸಿಕ್ಕಿದ್ದು ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಹಳೆಯ ದಾಖಲೆಗಳಲ್ಲಿ. ಅಲ್ಲಿನವರು ಗಂಟೆಗೊಮ್ಮೆ, ಸೂಜಿ ಅಲುಗಾಡಿದಾಗ ಇನ್ನೂ ಬೇಗಬೇಗ, ಕೈಯಲ್ಲೇ ಬರೆದಿಟ್ಟಿದ್ದರು. ಭಾರತೀಯ ಭೂಕಾಂತತ್ವ ಸಂಸ್ಥೆಯ ಗುರ್ಬಕ್ಸ್ ಲಖೀನಾ ಮತ್ತು ಸಂಗಡಿಗರು ಹೊರದೇಶದ ವಿಜ್ಞಾನಿಗಳ ಜೊತೆ ಸೇರಿ ಆ ಅಂಕಿಗಳನ್ನು ಪ್ರಕಟಿಸಿದ್ದು 2003ರಲ್ಲಿ. ಮುಂಬಯಿಗೆ ವಿದ್ಯುತ್ ಟ್ರಾಮು ಬರುತ್ತದೆ, ಸೂಜಿ ಕೆಡುತ್ತದೆ ಎಂದು 1904ರಲ್ಲಿ ಆ ಕೆಲಸವನ್ನು ಅಲಿಬಾಗಿಗೆ ಸಾಗಿಸಿದರು. ಅಲಿಬಾಗಿನಲ್ಲಿ ಅಳತೆ ಇಂದಿಗೂ ನಡೆಯುತ್ತಿದೆ. ಅಂಟಾರ್ಕ್ಟಿಕಾದಲ್ಲಿ ನಮ್ಮ ಮೈತ್ರಿ, ಭಾರತಿ ನೆಲೆಗಳಲ್ಲಿ ಅದೇ ಸಂಸ್ಥೆಯವರು ದಕ್ಷಿಣದ ಉಂಗುರದ ಕಡೆಯ ಅಳತೆಯನ್ನೂ ಬರೆದುಕೊಳ್ಳುತ್ತಿದ್ದಾರೆ.